ಮಲ್ಪೆಯ ಮಳೆ ಮತ್ತು ವೆಂಟ್‌ವರ್ತ್‌ನ ಪತ್ರ

ಜೂನ್ ಎರಡನೇ ವಾರ ಉಡುಪಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಎರಡು ದಿನ ಮಳೆ ನೋಡುತ್ತಾ, ಗೋಳಿಬಜೆ ತಿನ್ನುತ್ತಾ ಕಳೆದೇ ಹೋಯಿತು. ಬರೆಯಲೇಬೇಕು ಅನಿಸಿದ್ದು ಮೂರನೇ ದಿನದ ಸಂಜೆಯ ಬಗ್ಗೆ.

ಚಿಕ್ಕಮ್ಮನಿಗೆ ಹೇಳದೆ ಸೇಂಟ್ ಮೇರೀಸ್ ದ್ವೀಪಕ್ಕೆ ಬುಕ್ ಮಾಡಿದ್ದೆ. ಅಲ್ಲಿನ ಕಂಬದಂಥ ಕಲ್ಲುಗಳನ್ನು ನೋಡುವುದು ಎಷ್ಟೋ ವರ್ಷಗಳ ಆಸೆ. ಫೋನಿನಲ್ಲಿ ಏಜೆಂಟ್ "ಬೋಟ್ ಉಂಟು, ಬನ್ನಿ" ಅಂದು ಮುಂಗಡ ಹಾಕಿಸಿಕೊಂಡಿದ್ದ. ಚಿಕ್ಕಮ್ಮನನ್ನೂ ಕರೆದುಕೊಂಡು ಮಲ್ಪೆಗೆ ಹೋಗಿ ನೋಡಿದರೆ ಮಳೆಗಾಲ ಅಂತ ದ್ವೀಪದ ಬೋಟುಗಳೆಲ್ಲ ಬಂದ್. ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ದಯವಿಟ್ಟು ಯಾರೂ ಮಳೆಗಾಲದಲ್ಲಿ ಹೀಗೆ ಮುಂಗಡ ಕೊಡಬೇಡಿ. ದ್ವೀಪ ನೋಡಬೇಕಿದ್ದರೆ ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬನ್ನಿ.

ಬಂದದ್ದು ಬಂದೆವು ಅಂತ ಬಂದರಿನ ಕಡೆ ನಡೆದೆವು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ದೋಣಿಗಳೆಲ್ಲ ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಟಾರ್ಪಾಲಿನ ಕೆಳಗೆ ಒಬ್ಬರು ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದಲ್ಲಿ ಗಂಟು ಹಾಕುತ್ತಿದ್ದರು. ತಲೆ ಎತ್ತಿ ನೋಡಲೂ ಇಲ್ಲ.

ಚಿಕ್ಕಮ್ಮ ಕೊಡೆ ಸರಿಮಾಡಿಕೊಂಡು, "ನಿನ್ನ ವೆಂಟ್‌ವರ್ತ್ ಸಹ ಹೀಗೆ ದಡಕ್ಕೆ ಬಂದವನೇ ಅಲ್ವಾ?" ಅಂದರು.

ನನಗೆ ಇಂಗ್ಲಿಷ್ ಹುಚ್ಚು ಹಿಡಿಸಿದವರೇ ಅವರು. ಜೇನ್ ಆಸ್ಟೆನ್ ಬರೆದು ಮುಗಿಸಿದ ಕೊನೆಯ ಕಾದಂಬರಿ 'ಪರ್ಸುಯೇಷನ್' ಅಂದರೆ ನಮ್ಮಿಬ್ಬರಿಗೂ ಪ್ರಾಣ. ಅದು ಅಚ್ಚಾಗಿ ಬಂದದ್ದು 1817ರ ಕೊನೆಯಲ್ಲಿ, ಆಕೆ ತೀರಿಕೊಂಡು ಕೆಲವು ತಿಂಗಳಾದ ಮೇಲೆ. ಹಿರಿಯರ ಬುದ್ಧಿಮಾತು ಕೇಳಿ ಅದರ ನಾಯಕಿ ಆ್ಯನ್ ಎಲಿಯಟ್ ತಾನು ಪ್ರೀತಿಸಿದ ನೌಕಾಪಡೆಯ ಹುಡುಗ ವೆಂಟ್‌ವರ್ತ್‌ನನ್ನು ಬೇಡ ಅಂದಿರುತ್ತಾಳೆ. ಎಂಟು ವರ್ಷಗಳ ನಂತರ ಯುದ್ಧ ನಿಂತು ಅವನು ದಡಕ್ಕೆ ಬರುತ್ತಾನೆ. ಅವಳಿಗೆ ಆಗ 27.

"ನನಗೆ ಕೊನೆಯಲ್ಲಿ ಅವನು ಆ್ಯನ್‌ಗೆ ಬರೆಯುವ ಆ ಪ್ರೇಮಪತ್ರ ಒಂದಿದ್ದರೆ ಸಾಕು ಚಿಕ್ಕಮ್ಮ" ಅಂದೆ.

"ಪತ್ರ ಸುಮ್ನೆ ಬಂದದ್ದಲ್ಲ ಮಾರಾಯ್ತಿ. ಅದು ಉತ್ತರ."

ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ಸಲ ಓದಿದ್ದರೂ ಹಾಗೆ ಹೊಳೆದಿರಲಿಲ್ಲ.

ಮಳೆ ಜಾಸ್ತಿಯಾಯಿತು. ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಹೇಳುತ್ತಾ ಹೋದರು. 1816ರ ಜುಲೈ 18ಕ್ಕೆ ಆಸ್ಟೆನ್ ಕಥೆ ಮುಗಿಸಿದ್ದರಂತೆ. ಆ ಮುಕ್ತಾಯದಲ್ಲಿ ಪತ್ರವೇ ಇಲ್ಲ. ಆ್ಯನ್ ಸೋದರ ಸಂಬಂಧಿಯನ್ನು ಮದುವೆಯಾಗುವುದು ನಿಜವಾ ಅಂತ, ತನ್ನ ಭಾವನಾದ ಅಡ್ಮಿರಲ್ ಪರವಾಗಿ ವೆಂಟ್‌ವರ್ತ್ ಬಂದು ಕೇಳುತ್ತಾನೆ, ಇಬ್ಬರೂ ಒಂದಾಗುತ್ತಾರೆ, ಅಷ್ಟೇ. ಅದು ಮನಸ್ಸಿಗೆ ಹಿಡಿಸದೆ ಆಕೆ ಮತ್ತೆ ಬರೆದರು. ಆಗಸ್ಟ್ 6ರ ಹೊತ್ತಿಗೆ ಹೊಸ ಮುಕ್ತಾಯ ಸಿದ್ಧ.

"ಹೊಸದರಲ್ಲಿ ಎಂತ ಆಯ್ತು ಹೇಳು. ಹೆಂಗಸಿನ ಪ್ರೀತಿ ಎಷ್ಟು ದಿನ ಅಂತ ವೆಂಟ್‌ವರ್ತ್‌ನ ಗೆಳೆಯ ಹಾರ್ವಿಲ್ ಜೊತೆ ಆ್ಯನ್ ಮಾತು ನಡೀತಾ ಉಂಟು. ವೆಂಟ್‌ವರ್ತ್ ಅದೇ ಕೋಣೆಯಲ್ಲಿ ಏನೋ ಬರೀತಾ ಕೂತಿದ್ದಾನೆ. ನಡುವೆ ಅವನ ಪೆನ್ನು ಕೆಳಗೆ ಬೀಳ್ತದೆ. ಆಮೇಲೆ ಪುಸ್ತಕಗಳ ಮಾತು ಬಂದಾಗ ಅವಳು ಹೇಳ್ತಾಳೆ, ಪುಸ್ತಕವನ್ನು ಸಾಕ್ಷಿಗೆ ತರಬೇಡಿ, ಪೆನ್ನು ಯಾವಾಗಲೂ ಗಂಡಸರ ಕೈಯಲ್ಲೇ ಇತ್ತು ಅಂತ. ಎಂಟು ವರ್ಷ ಬಾಯಿ ಬಿಡದವಳು! ಅವಳು ಬಾಯಿ ಬಿಟ್ಟದ್ದಕ್ಕೇ ಇವನು ಪತ್ರ ಬರೆದದ್ದು."

ಹಾಗಾಗಿಯೇ ಅವರಿಗೆ ಈ ಕಾದಂಬರಿಯ 2007ರ ಟಿವಿ ಚಿತ್ರದ ಮೇಲೆ ಸಿಟ್ಟು. ಅದರಲ್ಲಿ ಆ್ಯನ್ ಆಗಿರುವ ಸ್ಯಾಲಿ ಹಾಕಿನ್ಸ್ ಕಣ್ಣುಗಳು ನನಗೆ ತುಂಬಾ ಇಷ್ಟ. ಆದರೆ ಆ ಮಾತನ್ನು ಅದರಲ್ಲಿ ಮೊದಲೇ, ಬೆನ್ವಿಕ್ ಅನ್ನುವ ಇನ್ನೊಬ್ಬನ ಜೊತೆ ಆಡಿಸಿಬಿಟ್ಟಿದ್ದಾರೆ. ಪತ್ರಕ್ಕೆ ಬುಡವೇ ಇಲ್ಲದಂತಾಗಿ, ಕೊನೆಗೆ ಅವಳು ಬಾತ್ ಊರಿನ ಬೀದಿಗಳಲ್ಲಿ ಓಡುವುದಷ್ಟೇ ಉಳಿಯುತ್ತದೆ. 2022ರ ಸಿನಿಮಾ ನಮ್ಮಿಬ್ಬರಿಗೂ ಆಗಿಬರಲಿಲ್ಲ. ಆ್ಯನ್ ಕ್ಯಾಮೆರಾ ನೋಡಿ ಎಲ್ಲವನ್ನೂ ನಮಗೇ ಹೇಳಿಬಿಟ್ಟರೆ ಎಂಟು ವರ್ಷದ ಮೌನಕ್ಕೆ ಏನು ಬೆಲೆ? 1995ರಲ್ಲಿ ರೋಜರ್ ಮಿಚೆಲ್ ಮಾಡಿದ್ದೇ ನಮ್ಮದು. ಅದರಲ್ಲಿ ಅಮಾಂಡಾ ರೂಟ್ ಮುಖಕ್ಕೆ ಬಣ್ಣ ಬರುವುದು ನಿಧಾನಕ್ಕೆ, ಮಳೆ ಬಿದ್ದ ಮೇಲೆ ಹುಲ್ಲು ಚಿಗುರಿದ ಹಾಗೆ.

ಉಡುಪಿ ಬಸ್ಸಿನಲ್ಲಿ ಚಿಕ್ಕಮ್ಮ ನನ್ನ ಫೋನ್ ತೆಗೆದುಕೊಂಡು 23ನೇ ಅಧ್ಯಾಯ ಓದತೊಡಗಿದರು. ಸಿಟಿ ಬಸ್ ಸ್ಟ್ಯಾಂಡ್ ಬಂದಾಗ ಪೆನ್ನು ಆಗಷ್ಟೇ ಬಿದ್ದಿತ್ತು. ಇಳಿದವರು ಮನೆಗೆ ಹೋಗಲಿಲ್ಲ. ಅಲ್ಲೇ ನೆನೆಯದ ಒಂದು ಮೂಲೆ ಹುಡುಕಿ, ಪತ್ರ ಮುಗಿಯುವವರೆಗೂ ನಿಂತೇ ಇದ್ದೆವು.