ಎಲ್ಲರೂ ಕೇಳುವ ಪ್ರಶ್ನೆ: 2023 ಮುಗೀತಲ್ಲ, ಇನ್ನೂ ‘ಪರ್ಫೆಕ್ಟ್ ಡಾರ್ಕ್’ ಆಡಬೇಕಾ?

ಹಳೇ ಕನ್ಸೋಲ್ ಆಟಗಳ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. 2000ನೇ ಇಸವಿಯ ಆಟ, 2023ರ ಕಥೆ ಹೇಳಿತ್ತು. ಆ 2023 ಬಂತು, ಹೋಯಿತು. ಈಗ ಅದರಲ್ಲಿ ಏನು ಉಳಿದಿದೆ? ಆಡುವುದಾದರೆ ಯಾವುದರಲ್ಲಿ ಆಡಬೇಕು?

ಆಡಿ. ಕಂಪ್ಯೂಟರ್ ಇದ್ದರೆ ಪಿಸಿ ಪೋರ್ಟ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಹೊಂದಿಸಿದ ರೂಪದಲ್ಲಿ; ಎಕ್ಸ್‌ಬಾಕ್ಸ್ ಇದ್ದರೆ ರೇರ್ ರೀಪ್ಲೇ ಎಂಬ ಹಳೇ ಆಟಗಳ ಸಂಗ್ರಹದಲ್ಲಿ. ಮೂಲ ನಿಂಟೆಂಡೊ 64ರಲ್ಲೇ ಆಡಬೇಕು ಎಂಬ ಹಟವಿದ್ದರೆ ಕೊನೆಯವರೆಗೂ ಓದಿ. ಅಲ್ಲಿ ದುಡ್ಡನ್ನೂ ಅಡಾಪ್ಟರನ್ನೂ ಒಟ್ಟಿಗೆ ಸುಟ್ಟುಕೊಳ್ಳುವ ದಾರಿಗಳಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗೋಲ್ಡನ್‌ಐ ಆಟ ಮಾಡಿದ್ದ ಇಂಗ್ಲೆಂಡಿನ ರೇರ್ ಸಂಸ್ಥೆ ಮೇ 2000ರಲ್ಲಿ ಇದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ನಾಯಕಿ ಜೊವಾನಾ ಡಾರ್ಕ್, ಕ್ಯಾರಿಂಗ್ಟನ್ ಇನ್‌ಸ್ಟಿಟ್ಯೂಟ್‌ನ ಗೂಢಚಾರಿಣಿ. ಎದುರಾಳಿ ಡೇಟಾಡೈನ್ ಎಂಬ ದೈತ್ಯ ಕಂಪನಿ. ಆ ಕಂಪನಿಯೊಳಗಿಂದ ತಪ್ಪಿಸಿಕೊಳ್ಳಲು ಸಹಾಯ ಬೇಡುತ್ತಿರುವ ಡಾಕ್ಟರ್ ಕ್ಯಾರಲ್ ಎಂಬವರನ್ನು ಕರೆತರುವುದು ಮೊದಲ ಕೆಲಸ. ಮೂರನೇ ಹಂತ ಮುಗಿಯುವಷ್ಟರಲ್ಲಿ ಗೊತ್ತಾಗುವುದೇನೆಂದರೆ ಆ ಡಾಕ್ಟರ್ ಮನುಷ್ಯನೇ ಅಲ್ಲ. ಗಾಳಿಯಲ್ಲಿ ತೇಲುವ ಲ್ಯಾಪ್‌ಟಾಪ್‌ನಂಥ ಪೆಟ್ಟಿಗೆಯೊಳಗಿರುವ ಎಐ. ಕಂಪನಿ ಅದನ್ನು ಕಟ್ಟಿದ್ದು ಪೆಸಿಫಿಕ್ ಸಾಗರದ ತಳದಲ್ಲಿ ಬಿದ್ದಿರುವ ಅನ್ಯಗ್ರಹ ನೌಕೆಯೊಂದರ ಭಾಷೆಯನ್ನು ಬಿಡಿಸಲು.

ಇಲ್ಲೇ ಸ್ವಲ್ಪ ನಿಲ್ಲಬೇಕು. 2023ರಲ್ಲಿ ಒಂದು ಕಂಪನಿ, ಅದರ ಕೈಯಲ್ಲಿ ಭಾಷೆ ಬಲ್ಲ ಒಂದು ಎಐ, ಅದರಿಂದ ಏನು ಮಾಡಿಸಬಹುದು ಎಂಬ ಜಗಳ. ಚಾಟ್‌ಜಿಪಿಟಿ ಬಂದದ್ದು ನವೆಂಬರ್ 2022ರಲ್ಲಿ, ಜಿಪಿಟಿ-4 ಮಾರ್ಚ್ 2023ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಓಪನ್‌ಎಐ ಮಂಡಳಿ ತನ್ನ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನು ತೆಗೆದುಹಾಕಿ, ವಾರ ತುಂಬುವ ಮೊದಲೇ ವಾಪಸ್ ಕರೆಯಿತು. ಇಸವಿಯ ಮಟ್ಟಿಗೆ ಆಟದ ಲೆಕ್ಕ ಬೆಚ್ಚಿಬೀಳಿಸುವಷ್ಟು ಸರಿ. ತಪ್ಪಿದ್ದು ಯಾರಿಗೆ ಮನಸ್ಸಾಕ್ಷಿ ಕುಟುಕಿತು ಎನ್ನುವಲ್ಲಿ. ಆಟದಲ್ಲಿ ಯಂತ್ರವೇ ‘ನಾನು ಈ ಕೆಲಸ ಮಾಡಲಾರೆ’ ಎಂದು ಹೊರಬರುತ್ತದೆ. ನಿಜದ 2023ರಲ್ಲಿ ಹೊರಬಂದವರು ಮನುಷ್ಯರು: ಈ ಕ್ಷೇತ್ರದ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್, ಅಪಾಯಗಳ ಬಗ್ಗೆ ಬಾಯಿಬಿಟ್ಟು ಮಾತಾಡಲೆಂದು ಆ ಮೇ ತಿಂಗಳಲ್ಲಿ ಗೂಗಲ್ ಬಿಟ್ಟರು.

ಇನ್ನೊಂದು ಕುತೂಹಲದ ಹೋಲಿಕೆ ಕ್ಯಾಮ್‌ಸ್ಪೈ. ಅಂಗೈಯಗಲದ ಹಾರುವ ಕ್ಯಾಮೆರಾ. ಅದನ್ನು ಹೊರಗೆ ಬಿಟ್ಟ ಕ್ಷಣ ನಿಮ್ಮ ಪರದೆಯ ತುಂಬ ಅದರ ಕಣ್ಣಿಗೆ ಕಂಡದ್ದೇ. ಜೊವಾನಾ ಮಾತ್ರ ನಿಂತಲ್ಲೇ ಮರದ ಬೊಂಬೆಯಂತೆ ನಿಂತಿರುತ್ತಾಳೆ, ಹಿಂದಿನಿಂದ ಬಂದು ಗುಂಡು ಹೊಡೆದರೂ ಕೂಡಲೇ ತಿರುಗಲಾರಳು. ಸ್ಲೇಯರ್ ಎಂಬ ರಾಕೆಟ್ ಲಾಂಚರ್‌ನ ಎರಡನೇ ಬಳಕೆ ಇನ್ನೂ ಹತ್ತಿರದ್ದು: ಹಾರುತ್ತಿರುವ ರಾಕೆಟ್‌ನ ಮೂತಿಯಿಂದ ನೋಡುತ್ತ, ಮೂಲೆ ತಿರುಗಿಸಿಕೊಂಡು ಹೋಗಿ ಗುರಿಗೆ ಗುದ್ದಿಸಬಹುದು. ಉಕ್ರೇನ್ ಯುದ್ಧದಲ್ಲಿ ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಕುಳಿತ ಡ್ರೋನ್ ಸೈನಿಕರು ಮಾಡುವುದು ಇದನ್ನೇ, ಅವರ ದೌರ್ಬಲ್ಯವೂ ಇದೇ. ಡ್ರೋನ್ ಹಾರಿಸುವವನಿಗೆ ತನ್ನ ಬೆನ್ನು ಕಾಣುವುದಿಲ್ಲ ಎಂಬುದನ್ನು 2000ದ ಆಟವೊಂದು ನಿಯಮವಾಗಿಯೇ ಬರೆದಿಟ್ಟಿತ್ತು.

ಷಿಕಾಗೋ ಹಂತದಲ್ಲಿ ಚಾಲಕನಿಲ್ಲದೆ ತೇಲುವ ಟ್ಯಾಕ್ಸಿಯೊಂದನ್ನು ರೀಪ್ರೋಗ್ರಾಮ್ ಮಾಡಿ ಗಲಾಟೆ ಎಬ್ಬಿಸಬೇಕು. ಟ್ಯಾಕ್ಸಿ ತೇಲಲಿಲ್ಲ, ಚಾಲಕ ಮಾತ್ರ ಹೋದ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲೂ ರಾತ್ರಿ ಬಾಡಿಗೆಗೆ ಓಡಲು ಚಾಲಕರಹಿತ ಕಾರುಗಳಿಗೆ ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ 2023ರಲ್ಲಿ. ಇನ್ನು ಅಮೆರಿಕದ ಅಧ್ಯಕ್ಷರ ಜಾಗದಲ್ಲಿ ತದ್ರೂಪಿ ಕೂರಿಸುವ ಸಂಚು. ಆಟಕ್ಕೆ ಅದಕ್ಕಾಗಿ ಇಡೀ ದೇಹವನ್ನೇ ಕ್ಲೋನ್ ಮಾಡಬೇಕಾಗಿತ್ತು. ಜನವರಿ 2024ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಬೈಡನ್ ಅವರ ನಕಲಿ ದನಿಯಲ್ಲಿ ಫೋನ್ ಹೋಯಿತು. ದನಿಯೊಂದೇ ಸಾಕಾಯಿತು. ಏರಿಯಾ 51ರಲ್ಲಿ ಬಚ್ಚಿಟ್ಟ ಅನ್ಯಗ್ರಹಜೀವಿಯ ಕಥೆಗೂ ಜುಲೈ 2023ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಹಾರುವ ತಟ್ಟೆಗಳ ಬಗ್ಗೆ ನಡೆದ ವಿಚಾರಣೆಗೂ ಇರುವ ಹೋಲಿಕೆ ಬರೀ ತಮಾಷೆ. ಅದನ್ನು ಅಲ್ಲಿಗೇ ಬಿಡೋಣ.

ಆಟ ಪೂರ್ತಿ ಎಡವಿದ್ದು ಕಳ್ಳತನದಲ್ಲಿ. ಮಾಹಿತಿ ಕದಿಯಲು ಜೊವಾನಾ ಕಟ್ಟಡದ ನೆತ್ತಿಯ ಮೇಲೆ ಇಳಿದು, ಮಹಡಿ ಮಹಡಿ ಇಳಿದು, ಕಂಪ್ಯೂಟರ್ ಎದುರು ನಿಂತು ಡೇಟಾ ಅಪ್‌ಲಿಂಕ್ ಎಂಬ ಮಾಹಿತಿ ಎಳೆಯುವ ಸಾಧನ ಹಿಡಿಯಬೇಕು. ಮೇ 2023ರಲ್ಲಿ ಮೂವ್‌ಇಟ್ ಎಂಬ ಕಡತ ಸಾಗಿಸುವ ತಂತ್ರಾಂಶದ ಒಂದೇ ಬಿರುಕಿನಿಂದ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿ ಸೋರಿತು. ಕದ್ದವರು ಕುರ್ಚಿಯಿಂದ ಏಳಲೂ ಇಲ್ಲ.

ಆದರೆ ಭವಿಷ್ಯ ಸರಿಯಾಗಿ ಹೇಳಿತು ಎಂಬ ಕಾರಣಕ್ಕೆ ಯಾರೂ ಆಟ ಆಡುವುದಿಲ್ಲ. ಇದನ್ನು ಈಗಲೂ ಆಡಬೇಕಾದದ್ದು ಕಷ್ಟದ ಮಟ್ಟವನ್ನು ಏರಿಸುವ ಬಗೆಗಾಗಿ. ಹೆಚ್ಚಿನ ಆಟಗಳಲ್ಲಿ ಮಟ್ಟ ಏರಿದರೆ ಶತ್ರುವಿನ ಚರ್ಮ ದಪ್ಪವಾಗುತ್ತದೆ, ಅಷ್ಟೇ. ಇಲ್ಲಿ ಏಜೆಂಟ್, ಸ್ಪೆಷಲ್ ಏಜೆಂಟ್, ಪರ್ಫೆಕ್ಟ್ ಏಜೆಂಟ್ ಎಂಬ ಮೂರು ಮಟ್ಟಗಳಲ್ಲಿ ಕೆಲಸಗಳೇ ಹೆಚ್ಚುತ್ತವೆ. ಅದೇ ಕಟ್ಟಡ, ಆದರೆ ಹಿಂದಿನ ಬಾರಿ ಸುಮ್ಮನೆ ದಾಟಿದ್ದ ಕೋಣೆಗೆ ಈಗ ಅರ್ಥ ಬರುತ್ತದೆ. ಮೊದಲ ಹಂತವನ್ನೇ ನೋಡಿ. ಏಜೆಂಟ್ ಮಟ್ಟದಲ್ಲಿ ಹೆಚ್ಚುಕಡಿಮೆ ಇಳಿದು ಹೋದರೆ ಮುಗಿಯಿತು. ಪರ್ಫೆಕ್ಟ್ ಏಜೆಂಟ್‌ನಲ್ಲಿ ಕಂಪನಿಯ ಒಡತಿ ಕಸಾಂಡ್ರಾಳ ಕೊರಳಲ್ಲಿರುವ ಕೀಕೋಡ್ ಹಾರ ಬೇಕು, ಯೋಜನೆಯ ಕಡತಗಳೂ ಬೇಕು. ಕಡತ ಬೇಕೆಂದರೆ ಅಲ್ಲಿನ ಉದ್ಯೋಗಿಯೊಬ್ಬನಿಗೆ ಬಂದೂಕು ತೋರಿಸಿ, ಅವನೇ ಲಾಗಿನ್ ಆಗುವವರೆಗೆ ತಾಳ್ಮೆಯಿಂದ ಕಾಯಬೇಕು. ಗಾಬರಿಯಲ್ಲಿ ಅವನನ್ನು ಕೊಂದಿರೋ, ಹಂತ ಅಲ್ಲಿಗೆ ವಿಫಲ.

ಇವತ್ತಿನ ಶೂಟರ್‌ಗಳಿಂದ ಬಂದವರು ಸೋಲುವುದು ಎರಡು ಕಾರಣಕ್ಕೆ. ಇಲ್ಲಿ ಅವಿತು ಕೂತರೆ ಜೀವ ತಾನಾಗಿ ತುಂಬುವುದಿಲ್ಲ; ಕಳೆದದ್ದು ಕಳೆದದ್ದೇ, ಎಲ್ಲೋ ಒಂದು ಶೀಲ್ಡ್ ಸಿಕ್ಕರೆ ಪುಣ್ಯ. ನಡುವೆ ಚೆಕ್‌ಪಾಯಿಂಟೂ ಇಲ್ಲ, ಸತ್ತರೆ ಹಂತದ ಆರಂಭದಿಂದಲೇ. ಹಾಗಾಗಿ ಓಡಬೇಡಿ. ಬಾಗಿಲು ತೆರೆದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿ, ಕಾವಲಿನವರು ತಾವೇ ಬರುತ್ತಾರೆ. ಇಸಿಎಂ ಮೈನ್ (ಭದ್ರತಾ ಪೆಟ್ಟಿಗೆಗಳನ್ನು ಕೆಡಿಸುವ ಸಾಧನ) ಅಂಟಿಸುವಾಗ ದೂರದಿಂದ ಎಸೆಯುವ ಶೋಕಿ ಬೇಡ, ಪೆಟ್ಟಿಗೆಯ ಎದುರೇ ನಿಂತು ಹಚ್ಚಿ. ಹಂತ ಶುರುವಾದ ಕೂಡಲೇ ಒಮ್ಮೆ ಪಾಸ್ ಒತ್ತಿ ಕೆಲಸಗಳ ಪಟ್ಟಿ ಓದಿ. ‘ಏನು ಮಾಡಬೇಕೋ ಗೊತ್ತಾಗಲ್ಲ’ ಎಂದು ಗೊಣಗುವವರಲ್ಲಿ ಬಹುಪಾಲು ಅದನ್ನು ಓದಿರುವುದೇ ಇಲ್ಲ. ಮೊದಲ ಅರ್ಧ ಗಂಟೆ ಇನ್‌ಸ್ಟಿಟ್ಯೂಟ್‌ನ ಫೈರಿಂಗ್ ರೇಂಜ್‌ನಲ್ಲಿ ಕಳೆದರೂ ನಷ್ಟವಿಲ್ಲ, ಏಕೆಂದರೆ ಹೆಚ್ಚಿನ ಆಯುಧಗಳಿಗೆ ಎರಡೆರಡು ಬಳಕೆಗಳಿವೆ. ಲ್ಯಾಪ್‌ಟಾಪ್ ಗನ್ ಅನ್ನು ಗೋಡೆಗೆ ಎಸೆದರೆ ಅಲ್ಲೇ ಅಂಟಿಕೊಂಡು ತಾನೇ ಕಾವಲು ಕಾಯುತ್ತದೆ. ಡ್ರ್ಯಾಗನ್ ಬಂದೂಕನ್ನು ನೆಲಕ್ಕೆ ಎಸೆದರೆ ಅದು ಮೈನ್ ಆಗುತ್ತದೆ. ಎಸೆದವರೇ ಮರೆತು ಎತ್ತಿಕೊಳ್ಳಲು ಹೋಗಿ ಚಿಂದಿಯಾಗುವುದು ಮಾಮೂಲು.

ಈಗ ಯಾವುದರಲ್ಲಿ ಆಡುವುದು ಎಂಬ ಪ್ರಶ್ನೆ. 2010ರಲ್ಲಿ 4ಜೆ ಸ್ಟುಡಿಯೋಸ್ ಎಕ್ಸ್‌ಬಾಕ್ಸ್ 360ಕ್ಕೆ ತಂದ ಆವೃತ್ತಿ 1080ಪಿ, ಸೆಕೆಂಡಿಗೆ 60 ಫ್ರೇಮ್. ಅದೇ 2015ರ ರೇರ್ ರೀಪ್ಲೇ ಸಂಗ್ರಹದಲ್ಲೂ ಇದೆ, ಈಗಿನ ಎಕ್ಸ್‌ಬಾಕ್ಸ್‌ಗಳಲ್ಲೂ ಓಡುತ್ತದೆ. ಡಿಸ್ಕ್ ಕೊಳ್ಳುವ ಮುನ್ನ ಒಂದು ಮಾತು: ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ, ಡಿಜಿಟಲ್ ಪ್ರತಿಯೇ ಬೇಕು. ತಲೆನೋವಿಲ್ಲದ ದಾರಿ ಇದೇ.

ನಿಂಟೆಂಡೊ ಸ್ವಿಚ್‌ನಲ್ಲಿ ಇದು ಬಂದದ್ದು ಜೂನ್ 2024ರಲ್ಲಿ, ಆನ್‌ಲೈನ್ ಚಂದಾದ ಎಕ್ಸ್‌ಪಾನ್ಷನ್ ಪ್ಯಾಕ್‌ನೊಳಗೆ. ಅಲ್ಲಿ ನಿಯಂತ್ರಣಗಳು ಮೂಲದಂತೆಯೇ ಇರುವುದರಿಂದ ಮೊದಲ ಐದು ನಿಮಿಷಕ್ಕೇ ಜನ ಕೈಬಿಡುತ್ತಾರೆ. ಸರಿಪಡಿಸುವುದು ಸುಲಭ. ಆಟದ ಆಯ್ಕೆಗಳಲ್ಲಿ ಕಂಟ್ರೋಲ್ ಸ್ಟೈಲ್ 1.2 ಆರಿಸಿ, ರಿವರ್ಸ್ ಪಿಚ್ ಮತ್ತು ಲುಕ್ ಅಹೆಡ್ ಎರಡನ್ನೂ ಆಫ್ ಮಾಡಿ. ಈಗ ಎಡ ಸ್ಟಿಕ್ ನೋಟಕ್ಕೆ, ಬಲ ಸ್ಟಿಕ್ ನಡಿಗೆಗೆ ಬಂದಿರುತ್ತದೆ, ಅಂದರೆ ಉಲ್ಟಾ. ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಬಟನ್ ಮ್ಯಾಪಿಂಗ್‌ನಲ್ಲಿ ಎರಡು ಸ್ಟಿಕ್‌ಗಳನ್ನು ಅದಲುಬದಲು ಮಾಡಿ. ಝಡ್‌ಎಲ್, ಝಡ್‌ಆರ್ ಗುಂಡಿಗಳನ್ನೂ ಹಾಗೆಯೇ. ಅದನ್ನು ಪ್ರೀಸೆಟ್ ಆಗಿ ಉಳಿಸಿಕೊಳ್ಳಿ. ಆಟ ಮುಗಿದ ಮೇಲೆ ವಾಪಸ್ ಹಾಕಲು ಮರೆತರೆ ಮುಂದಿನ ಆಟದಲ್ಲಿ ಎಲ್ಲವೂ ತಲೆಕೆಳಗು.

ಪಿಸಿ ಪೋರ್ಟ್ ನನ್ನ ಮಟ್ಟಿಗೆ ಈಗಿನ ಅತ್ಯುತ್ತಮ ರೂಪ. ಹವ್ಯಾಸಿಗಳು ಮೂಲ ಆಟದ ಕೋಡನ್ನು ಸಾಲುಸಾಲಾಗಿ ಬಿಡಿಸಿ ಬರೆದ ಡಿಕಂಪೈಲೇಷನ್ ಮೇಲೆ ಕಟ್ಟಿದ್ದು. ಇದು ಹಳೇ ಕನ್ಸೋಲನ್ನು ಅನುಕರಿಸುವ ಎಮ್ಯುಲೇಟರ್ ಅಲ್ಲ. ಹಾಗಾಗಿ ಮೌಸ್‌ನಲ್ಲಿ ಗುರಿ ಹಿಡಿಯಬಹುದು, ಅಗಲ ಪರದೆ ಇದೆ, ನೋಟದ ಕೋನ ಹೆಚ್ಚಿಸಬಹುದು, ಫ್ರೇಮ್ ಕುಸಿಯುವುದಿಲ್ಲ. ಆದರೆ ಆಟದ ಚಿತ್ರ, ಸದ್ದು ಯಾವುದೂ ಅದರ ಜೊತೆ ಬರುವುದಿಲ್ಲ. ನಿಮ್ಮದೇ ಕಾರ್ಟ್ರಿಜ್‌ನಿಂದ ಕಾರ್ಟ್ರಿಜ್ ರೀಡರ್ ಬಳಸಿ ತೆಗೆದ ರಾಮ್ (ROM) ಕಡತ, ಅಂದರೆ ಆಟದ ಪೂರ್ತಿ ನಕಲು ಬೇಕು. ‘ಓಪನ್ನೇ ಆಗ್ತಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಈ ಮೂರರಲ್ಲಿ ಒಂದು. ಸಾಮಾನ್ಯ ಬಿಲ್ಡ್‌ಗೆ ಬೇಕಾದದ್ದು ಅಮೆರಿಕನ್ 1.1 ಆವೃತ್ತಿ, ನಿಮ್ಮದು 1.0 ಅಥವಾ ಯುರೋಪಿನದು ಆಗಿರುತ್ತದೆ. ಇಲ್ಲವೇ ಕಡತ ಝಡ್64 ಮಾದರಿಯ ಬದಲು ಬೈಟ್‌ಗಳು ಅದಲುಬದಲಾದ ವಿ64 ಮಾದರಿಯಲ್ಲಿದೆ. ಎಕ್ಸ್‌ಟೆನ್ಷನ್‌ನ ಹೆಸರು ಬದಲಿಸಿದರೆ ಸಾಲದು, ಪರಿವರ್ತಿಸಲೇಬೇಕು. ಅದೂ ಅಲ್ಲದಿದ್ದರೆ ಡೇಟಾ ಫೋಲ್ಡರ್‌ನಲ್ಲಿ ಇಡುವಾಗ ಹೆಸರು ತಪ್ಪಿದೆ. ಪೋರ್ಟ್‌ನ ಜೊತೆಗಿರುವ ರೀಡ್‌ಮಿ ಎಂಬ ಸೂಚನೆಯಲ್ಲಿ ಕೊಟ್ಟ ಹೆಸರನ್ನು ಒಂದು ಚುಕ್ಕೆಯೂ ಬಿಡದೆ ಹಾಕಿ. ಕಡತದ ಗಾತ್ರ ಸರಿಯಾಗಿ 3,35,54,432 ಬೈಟ್ ಇರಬೇಕು. ಒಂದು ಕಡಿಮೆಯಾದರೂ ತೆಗೆದ ನಕಲು ಕೆಟ್ಟಿದೆ ಎಂದೇ ಅರ್ಥ.

ಇನ್ನು ಹಟವಾದಿಗಳ ಸರದಿ. ಮೂಲ ಕನ್ಸೋಲಿನಲ್ಲಿ ಇರುವುದು 4 ಎಂಬಿ ಮೆಮೊರಿ; ಈ ಆಟಕ್ಕೆ ಇನ್ನೊಂದು 4 ಎಂಬಿಯ ಎಕ್ಸ್‌ಪಾನ್ಷನ್ ಪ್ಯಾಕ್ (ಸ್ವಿಚ್‌ನ ಚಂದಾ ಅಲ್ಲ, ಕನ್ಸೋಲಿಗೆ ಸೇರಿಸುವ ಮೆಮೊರಿ ತುಂಡು) ಇಲ್ಲದಿದ್ದರೆ ಕಥೆಯ ಹಂತಗಳೇ ತೆರೆಯುವುದಿಲ್ಲ. ಅಂದಾಜು 35 ಶೇಕಡಾ ಆಟ ಮಾತ್ರ ಸಿಗುತ್ತದೆ ಎಂದು ಕಂಪನಿಯೇ ಹೇಳಿತ್ತು. ಕೊಳ್ಳುವಾಗ ಕೆಂಪು ತಲೆಯ ಪ್ಯಾಕ್ ಕೇಳಿ, ಮೇಲೆ ಎನ್‌ಯುಎಸ್-007 ಎಂದಿರಬೇಕು. ಎನ್‌ಯುಎಸ್-008 ಎಂದಿದ್ದರೆ ಅದು ಬರೀ ಜಂಪರ್ ಪ್ಯಾಕ್, ಜಾಗ ತುಂಬಲು ಇಟ್ಟದ್ದು. ಗೊತ್ತಿಲ್ಲದವರಿಗೆ ಅದನ್ನೇ ದಾಟಿಸುವವರಿದ್ದಾರೆ. ಕನ್ಸೋಲ್ ಆಫ್ ಮಾಡಿ, ಪ್ಲಗ್ ಕಿತ್ತು, ಮುಂಭಾಗದ ಚಿಕ್ಕ ಮುಚ್ಚಳ ತೆಗೆದು, ಜಂಪರ್ ಹೊರತೆಗೆದು ಪ್ಯಾಕ್ ಅನ್ನು ಗಟ್ಟಿಯಾಗಿ ಒತ್ತಿ. ಎರಡೂ ಇಲ್ಲದಿದ್ದರೆ ಅಥವಾ ಸಡಿಲವಾಗಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ, ಕನ್ಸೋಲ್ ಸತ್ತಿದೆ ಅಂದುಕೊಳ್ಳಬೇಡಿ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಕನ್ಸೋಲ್ ಆಗಿದ್ದರೆ ಅದರ ಪವರ್ ಬ್ರಿಕ್ ಅನ್ನು ನಮ್ಮ 230 ವೋಲ್ಟ್‌ಗೆ ನೇರ ಹಾಕಲೇಬೇಡಿ, ಅದು 120 ವೋಲ್ಟ್‌ಗೆ ಮಾಡಿದ್ದು. ಪ್ಲಗ್‌ನ ಆಕಾರ ಬದಲಿಸುವ ಅಗ್ಗದ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬಹುದು. ಅದಕ್ಕಿಂತ ಚೊಕ್ಕವಾದದ್ದು ಯುರೋಪಿನ ಬ್ರಿಕ್ ತರಿಸುವುದು: ಹೊರಗೆ ಕೊಡುವುದು ಅದೇ 3.3 ವೋಲ್ಟ್ ಮತ್ತು 12 ವೋಲ್ಟ್ ಡಿಸಿ, ಅದೇ ಗೂಡಿಗೆ ಕೂರುತ್ತದೆ. ಕಾರ್ಟ್ರಿಜ್ ಮತ್ತು ಕನ್ಸೋಲ್ ಒಂದೇ ಪ್ರದೇಶದವಾಗಿರಲಿ. ಅಮೆರಿಕದ ಕಾರ್ಟ್ರಿಜ್ ಯುರೋಪಿನ ಕನ್ಸೋಲಿನಲ್ಲಿ ಒಳಗಿನ ಲಾಕ್‌ಔಟ್ ಚಿಪ್ ದೆಸೆಯಿಂದ ಓಡುವುದಿಲ್ಲ.

ಈಗಿನ ಎಲ್‌ಇಡಿ ಟಿವಿಗೆ ನೇರ ಹಾಕಿದರೆ ಚಿತ್ರ ಮಸುಕು, ಜೊತೆಗೆ ಗುಂಡಿ ಒತ್ತಿದ್ದಕ್ಕೂ ಗುಂಡು ಹಾರುವುದಕ್ಕೂ ನಡುವೆ ತಡ. ಹಳೇ ಡಬ್ಬಾ ಟಿವಿ ಅಥವಾ ಹಳೇ ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ರೆಟ್ರೋಟಿಂಕ್‌ನಂಥ ಅಪ್‌ಸ್ಕೇಲರ್ ಬೇಕು. ಅಷ್ಟೆಲ್ಲ ಮಾಡಿದರೂ ನಾಲ್ಕು ಜನ ಕೂತು ಯಂತ್ರವೇ ಆಡಿಸುವ ಎಂಟು ಬಾಟ್‌ಗಳನ್ನು ಬಿಟ್ಟುಕೊಂಡರೆ ಆಟ ತೆವಳುತ್ತದೆ. ಅದು ಯಂತ್ರದ ದೋಷವಲ್ಲ, 2000ದಲ್ಲೂ ಹಾಗೇ ತೆವಳುತ್ತಿತ್ತು.

ಕಾರ್ಟ್ರಿಜ್ ಬಗ್ಗೆ ಒಂದು ಸಮಾಧಾನ: ಸೇವ್ ಉಳಿಯುವುದು ಇಇಪ್ರಾಮ್ ಚಿಪ್‌ನಲ್ಲಿ. ಒಳಗೆ ಬ್ಯಾಟರಿ ಇಲ್ಲ, ಸಾಯುವುದಕ್ಕೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಂಡದ್ದನ್ನು ಹಾಕಿದಾಗ ‘ಚೂಸ್ ಯುವರ್ ರಿಯಾಲಿಟಿ’ ಎಂಬ ತಲೆಬರಹದ ಮೊದಲ ಪರದೆಯಲ್ಲೇ ಯಾರೋ ಗುರುತಿಲ್ಲದವರ ಏಜೆಂಟ್ ಹೆಸರು, ಅವರು ಕೊನೆಗೆ ನಿಲ್ಲಿಸಿದ ಹಂತ ಕಾಣಬಹುದು. ಅಳಿಸುವ ಮುನ್ನ ತೆರೆದು ನೋಡಿ, ಪರ್ಫೆಕ್ಟ್ ಏಜೆಂಟ್‌ವರೆಗೆ ಮುಗಿಸಿದ್ದರೆ ಹಲವು ಚೀಟ್‌ಗಳು ಸಿದ್ಧವಾಗಿರುತ್ತವೆ. ನಿಮ್ಮದನ್ನು ಪಕ್ಕದಲ್ಲಿ ಹೊಸ ಹೆಸರಿನಿಂದ ಶುರುಮಾಡಿದರಾಯಿತು.