ಎಲ್ಲಿಗೆ ಹೋಗ್ಲಿ ಹೇಳಿ?

ಎದುರುಮನೆಯಾಕೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತರು. ಸಂಜೆಯವರೆಗೆ ನಿಮ್ಮ ಹುಡುಗನನ್ನು ನಾನು ನೋಡಿಕೊಳ್ಳುತ್ತೇನೆ, ಆರಾಮಾಗಿ ಸುತ್ತಾಡಿ ಬನ್ನಿ ಎಂದಿದ್ದೆ. 'ಎಲ್ಲಿಗೆ ಹೋಗ್ಲಿ ಹೇಳಿ?' ಎಂದರು. ತಮಾಷೆಯಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಮೈಸೂರಿನಲ್ಲಿ ಇದ್ದುಕೊಂಡು! ಕುಕ್ಕರಹಳ್ಳಿ ಕೆರೆ ಇದೆ, ದೇವರಾಜ ಮಾರುಕಟ್ಟೆ ಇದೆ. ಈ ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ.

ಕೊನೆಗೆ ಹೋಗಿದ್ದು ಬೀದಿ ಕೊನೆಯ ಪಾರ್ಕಿಗೆ. ಅಲ್ಲಿ ಕೂತು ತಂಗಿಯ ಜೊತೆ ಫೋನಿನಲ್ಲಿ ಮನಸಾರೆ ಜಗಳ ಆಡಿದರಂತೆ. ಎಷ್ಟೋ ದಿನದಿಂದ ಬಾಕಿ ಇತ್ತಂತೆ, ಪುರುಸೊತ್ತೇ ಸಿಕ್ಕಿರಲಿಲ್ಲ.

ಹುಡುಗನಿಗೆ ಹತ್ತು ವರ್ಷ, ಸೆರೆಬ್ರಲ್ ಪಾಲ್ಸಿ; ಮೆದುಳಿಗಾದ ಹಾನಿಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ಗಂಜಿ ಕುಡಿಸುವ ಕ್ರಮವನ್ನು ಆಕೆ ಕಲಿತದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ನೆಟ್ಟಗೆ ಕೂರಿಸಬೇಕು. ಗದ್ದ ಸ್ವಲ್ಪ ಕೆಳಗಿರಬೇಕು. ತಲೆ ಹಿಂದಕ್ಕೆ ವಾಲಿದರೆ ಗಂಜಿ ಶ್ವಾಸನಾಳಕ್ಕೆ ಇಳಿಯುವ ಅಪಾಯ. ಚಮಚದ ತುದಿಯಲ್ಲಿ ಒಂದಿಷ್ಟು, 'ಗುಳುಕ್' ಅಂತ ಕೇಳಿದ ಮೇಲೇ ಇನ್ನೊಂದಿಷ್ಟು. ನಗುವಾಗ ಕೊಡಲೇಬಾರದು. ಅವನಿಗೋ ನನ್ನ ಕನ್ನಡಕ ನೋಡಿದರೆ ಸಾಕು, ನಗು. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

'ನಾವೇನು ಮಕ್ಕಳನ್ನ ಸಾಕಿಲ್ವಾ?' ಎಂದು ಒಳಗಿಂದ ಆಕೆಯ ಅತ್ತೆಯ ಗೊಣಗಾಟ. ಸಾಕಿದ್ದೀರಿ ತಾಯಿ. ಆದರೆ ನಿಮ್ಮ ಮಕ್ಕಳು ಎದ್ದು ಓಡಿಹೋದವು, ಇವನನ್ನು ಇವತ್ತಿಗೂ ಎತ್ತಬೇಕು. ನೆಂಟರಂತೂ ಹರಕೆ ಹೇಳುತ್ತಾರೆ, ಎಣ್ಣೆ ಹೇಳುತ್ತಾರೆ. ಒಂದು ಮಧ್ಯಾಹ್ನ ಬಂದು ಕೂರುವವರು ಯಾರೂ ಇಲ್ಲ.

ಕಾಗದದ ಮೇಲೆ ಎಲ್ಲ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. 1999ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ, ಈ ಹುಡುಗನಂಥವರನ್ನು ಸ್ವಲ್ಪ ಕಾಲ ನೋಡಿಕೊಳ್ಳುವ ಕೇಂದ್ರಗಳಿಗಾಗಿ 'ಸಮರ್ಥ' ಅಂತ ಯೋಜನೆಯನ್ನೇ ಮಾಡಿದೆ. ಅದೇ ಟ್ರಸ್ಟಿನ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ ಆಕೆಗೆ ಗೊತ್ತು, ಸಮರ್ಥದ ಹೆಸರೇ ಕೇಳಿಲ್ಲ. ನಾನು ಹೇಳಿದ್ದಕ್ಕೆ ಬಂದ ಪ್ರಶ್ನೆ: 'ಅಲ್ಲಿ ಗುಳುಕ್ ಅನ್ನೋವರೆಗೂ ಕಾಯ್ತಾರಾ?' ಯೋಜನೆ ಬರೆದವರು ಮೊದಲು ಇದಕ್ಕೆ ಉತ್ತರ ಹೇಳಬೇಕು. ನಂಬಿಕೆ ಇಲ್ಲದ ಕಡೆ ಮಗುವನ್ನು ಬಿಟ್ಟುಹೋದರೆ ಅದ್ಯಾವ ಸೀಮೆ ಬಿಡುವು?

ಆಕೆಯ ಗಂಡ ಒಳ್ಳೆಯವನೇ. ಆದರೆ ಚಮಚ ಹಿಡಿ ಅಂದರೆ 'ನಂಗೆ ಭಯ' ಎನ್ನುತ್ತಾನೆ. ಭಯ ಆಕೆಗೂ ಇತ್ತಲ್ವಾ? ಈ ಭಾನುವಾರ ಅವನೇ ಕುಡಿಸಲಿ, ನಾನು ಸುಮ್ನೆ ಪಕ್ಕದಲ್ಲಿ ಕೂರುತ್ತೇನೆ ಎಂದು ಹೇಳಿಬಂದಿದ್ದೇನೆ. ಅವನು ಒಪ್ಪಿದ್ದಾನೆ. ಅತ್ತೆ ಇನ್ನೂ ಒಪ್ಪಿಲ್ಲ.