ಎರಡನೇ ಕುರ್ಚಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಸಿಸ್ಟೆಂಟ್ ಕೋಚ್ ಕೆಲಸಕ್ಕೆ ಗ್ಯಾರಂಟಿ ಕಡಿಮೆ. ಹೆಡ್ ಕೋಚ್ ಹೋದರೆ ಹೆಚ್ಚಾಗಿ ಇವರೂ ಗಂಟುಮೂಟೆ ಕಟ್ಟಬೇಕು. ಆದರೆ ಬಿಲ್ ಗತ್ರಿಜ್ ಅನ್ನೋರು 1967ರಲ್ಲಿ ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಗೆ ಬಂದು, ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕದಲ್ಲಿ 30 ವರ್ಷ ಕೂತುಬಿಟ್ಟರು. ಮೈಕೆಲ್ ಜೋರ್ಡಾನ್ ಬಂದು ಹೋದ, 1982ರಲ್ಲಿ ಒಂದು, 1993ರಲ್ಲಿ ಇನ್ನೊಂದು ಚಾಂಪಿಯನ್‌ಶಿಪ್ ಬಂತು, ಇವರದು ಮಾತ್ರ ಅದೇ ಕುರ್ಚಿ. ನೆಂಟರು ‘ಇನ್ನೂ ಪ್ರಮೋಷನ್ ಆಗಿಲ್ವಾ’ ಅಂತ ಎಷ್ಟು ಸಲ ಕೇಳಿರಬಹುದು! ನನಗಂತೂ ಇದು ಸೋಲು ಅಂತ ಅನಿಸಲ್ಲ. ಇಷ್ಟದ ಕೆಲಸ ಸಿಕ್ಕಿದವರು ಯಾಕೆ ಸುಮ್ನೆ ಓಡಬೇಕು? 1997ರಲ್ಲಿ ಸ್ಮಿತ್ ನಿವೃತ್ತರಾದರು, 60ನೇ ವಯಸ್ಸಲ್ಲಿ ಇವರು ಹೆಡ್ ಕೋಚ್. ಮೂರೇ ಸೀಸನ್, ಎರಡು ಸಲ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಹಂತ), 2000ದಲ್ಲಿ ತಾವೇ ಸಾಕು ಅಂದರು.